ಮುಂದಿನ ಋತುವಿನ ಗಿಡ ಯಾರ ಕೈಯಲ್ಲಿ? ಸ್ಟ್ರಾಬೆರಿಯ ಚಳಿಗಾಲ, ಮಲೆನಾಡಿನ ಮಳೆಗಾಲ

(ಮಲೆನಾಡಿನ ರೈತರು ಹಾಗೂ ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಿತ್ತಿಲಿನ ಒಂದೆಲಗವನ್ನು ಯಾರೂ ಸಾಲು ಹಿಡಿದು ನೆಡುವುದಿಲ್ಲ. ಬಚ್ಚಲ ನೀರು ಹರಿಯುವ ಕಡೆ ಅದು ತಾನಾಗಿಯೇ ಹಬ್ಬುತ್ತದೆ. ಬಳ್ಳಿಯ ಗೆಣ್ಣು ನೆಲ ಮುಟ್ಟಿದಲ್ಲಿ ಬೇರು ಇಳಿಯುತ್ತದೆ, ಬೇರು ಇಳಿದಲ್ಲಿ ಇನ್ನೊಂದು ಗಿಡವಾಗುತ್ತದೆ. ಸ್ಟ್ರಾಬೆರಿಯೂ ಇದೇ ಸ್ವಭಾವದ ಸಸ್ಯ. ತಾಯಿಗಿಡದ ಬುಡದಿಂದ ಹೊರಟ ಹಬ್ಬುಬಳ್ಳಿ ಒಂದು ಗೆಣ್ಣನ್ನು ಬಿಟ್ಟು ಮುಂದಿನ ಗೆಣ್ಣಿನಲ್ಲಿ ಮರಿಗಿಡವನ್ನು ಹೊರುತ್ತದೆ. ಮರಿ ತನ್ನ ಕಾಲ ಮೇಲೆ ನಿಂತ ಬಳಿಕ ನಡುವಿನ ಬಳ್ಳಿ ಒಣಗಿ ಹೋಗುತ್ತದೆ.

ತನ್ನ ಸಂತಾನವನ್ನು ಇಷ್ಟು ಧಾರಾಳವಾಗಿ ಬೆಳೆಸುವ ಗಿಡ ಇದು. ಆದರೂ ಇದನ್ನು ಬೆಳೆಯುವ ರೈತ ವರ್ಷವರ್ಷವೂ ಹೊಸ ಸಸಿಯನ್ನು ಹಣ ಕೊಟ್ಟು ಕೊಳ್ಳುತ್ತಾನೆ. ಬೇಸಿಗೆಯ ಕೊನೆಗೆ ಹಳೆಯ ಗಿಡವನ್ನು ಕಿತ್ತು ಎಸೆಯುತ್ತಾನೆ, ಮಳೆ ಮುಗಿಯುವ ಹೊತ್ತಿಗೆ ಮತ್ತೆ ಸಸಿಗಾಗಿ ಮುಂಗಡ ಕಟ್ಟುತ್ತಾನೆ. ಸ್ಟ್ರಾಬೆರಿಯನ್ನು ಒಂದು ಋತುವಿನಿಂದ ಮತ್ತೊಂದು ಋತುವಿಗೆ ದಾಟಿಸುವುದು ಹೇಗೆ ಎಂಬುದು ಕೇವಲ ತೋಟಗಾರಿಕೆಯ ಪ್ರಶ್ನೆಯಲ್ಲ. ಮುಂದಿನ ವರ್ಷದ ಬೆಳೆಯ ಬೀಜ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ.

ಗಿಡ ಬಂದ ದಾರಿ

ಇಂದು ಮಾರುಕಟ್ಟೆಯಲ್ಲಿರುವ ದೊಡ್ಡ ಹಣ್ಣಿನ ಸ್ಟ್ರಾಬೆರಿ ಯಾವ ಕಾಡಿನಲ್ಲಿಯೂ ತಾನಾಗಿ ಹುಟ್ಟಿದ್ದಲ್ಲ. 1714ರಲ್ಲಿ ಫ್ರೆಜಿಯೇ ಎಂಬ ಫ್ರೆಂಚ್ ಎಂಜಿನಿಯರ್ ದಕ್ಷಿಣ ಅಮೆರಿಕದ ಚಿಲಿಯಿಂದ ದೊಡ್ಡ ಹಣ್ಣಿನ ಕೆಲವು ಗಿಡಗಳನ್ನು ಹಡಗಿನಲ್ಲಿ ಫ್ರಾನ್ಸಿಗೆ ತಂದನು. ಅವೆಲ್ಲವೂ ಹೆಣ್ಣು ಗಿಡಗಳು. ಹೂ ಬಿಟ್ಟರೂ ಹಣ್ಣು ಸರಿಯಾಗಿ ಕಟ್ಟುತ್ತಿರಲಿಲ್ಲ. ಉತ್ತರ ಅಮೆರಿಕದಿಂದ ಬಂದ ಮತ್ತೊಂದು ಪ್ರಭೇದವನ್ನು ಅವುಗಳ ಪಕ್ಕದಲ್ಲಿ ನೆಟ್ಟಾಗ ಪರಾಗ ದೊರೆಯಿತು, ಹಣ್ಣು ಬಂತು. ಆ ಕೂಡುವಿಕೆಯಿಂದ ಹುಟ್ಟಿದ ಮಿಶ್ರತಳಿಯೇ ಇಂದಿನ ಸ್ಟ್ರಾಬೆರಿ. ಅದರ ಹುಟ್ಟಿನ ಗುಟ್ಟನ್ನು 1766ರಲ್ಲಿ ಡ್ಯುಶೇನ್ ಎಂಬ ಯುವ ಸಸ್ಯಶಾಸ್ತ್ರಜ್ಞನು ವಿವರಿಸಿದನು.

ವಿದ್ಯಾರ್ಥಿಗಳು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಮಿಶ್ರತಳಿಯಾದುದರಿಂದ ಬೀಜ ಬಿತ್ತಿದರೆ ತಾಯಿಯ ಗುಣ ಮರಳಿ ಬರುವುದಿಲ್ಲ. ಹಬ್ಬುಬಳ್ಳಿಯ ಮರಿಯಲ್ಲಿ ಮಾತ್ರ ತಾಯಿಯ ಗುಣವೆಲ್ಲ ಉಳಿಯುತ್ತದೆ. ಎರಡನೆಯದು, ಈ ಕುಲಕ್ಕೆ ದಕ್ಷಿಣ ಭಾರತ ಪೂರ್ತಿ ಅಪರಿಚಿತವಲ್ಲ. ಫ್ರಗೇರಿಯಾ ನೀಲ್ಗೆರೆನ್ಸಿಸ್ ಎಂಬ ಕಾಡು ಪ್ರಭೇದ ನೀಲಗಿರಿಯ ಹೆಸರನ್ನೇ ಹೊತ್ತಿದೆ. ಅದರ ಜೀವಕೋಶದಲ್ಲಿ 14 ವರ್ಣತಂತುಗಳಿದ್ದರೆ ಬೆಳೆಯ ಸ್ಟ್ರಾಬೆರಿಯಲ್ಲಿ 56 ಇವೆ.

ಹಿಮದ ನಾಡಿನ ಚಳಿಗಾಲ

ಈ ಗಿಡದ ಜೀವ ಇರುವುದು ಬುಡದ ಮೋಟು ಕಾಂಡದಲ್ಲಿ. ಎಲೆ, ಹೂಗೊಂಚಲು, ಹಬ್ಬುಬಳ್ಳಿ ಎಲ್ಲವೂ ಅಲ್ಲಿಂದಲೇ ಹೊರಡುತ್ತವೆ. ತೋಟಗಾರಿಕೆಯವರು ಇದನ್ನು ಕ್ರೌನ್ ಎನ್ನುತ್ತಾರೆ. ಎಲೆಗಳೆಲ್ಲ ಒಣಗಿದರೂ ಮೋಟು ಕಾಂಡ ಉಳಿದರೆ ಗಿಡ ಮತ್ತೆ ಚಿಗುರುತ್ತದೆ. ಅದು ಸತ್ತರೆ ಎಲ್ಲವೂ ಮುಗಿಯಿತು.

ಕೆನಡಾ ಹಾಗೂ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಗಲು ಕಿರಿದಾಗಿ ಚಳಿ ಇಳಿಯುತ್ತಿದ್ದಂತೆ ಈ ಗಿಡ ಮುಂದಿನ ವರ್ಷದ ಹೂಮೊಗ್ಗನ್ನು ಮೋಟು ಕಾಂಡದೊಳಗೆ ರೂಪಿಸಿಕೊಳ್ಳುತ್ತದೆ, ಬೇರಿನಲ್ಲಿ ಪಿಷ್ಟವನ್ನು ಕೂಡಿಡುತ್ತದೆ, ಅನಂತರ ನಿದ್ರೆಗೆ ಜಾರುತ್ತದೆ. ಅಲ್ಲಿನ ರೈತ ಗಿಡ ಪೂರ್ತಿ ನಿದ್ರಿಸುವವರೆಗೆ ಕಾದು, ಬಳಿಕ ಗೋದಿಯ ಹುಲ್ಲನ್ನು ನಾಲ್ಕು ಬೆರಳು ದಪ್ಪ ಹೊದಿಸುತ್ತಾನೆ. ಅವಸರ ಮಾಡಿ ಮೊದಲೇ ಮುಚ್ಚಿದರೆ ಗಿಡ ಚಳಿಗೆ ಹದಗೊಳ್ಳದೆ ಕೊಳೆಯುತ್ತದೆ. ಮುಚ್ಚದೆ ಬಿಟ್ಟರೆ, ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿನ ಶೀತಕ್ಕೆ ಮೋಟು ಕಾಂಡ ಹಾನಿಗೊಳ್ಳುತ್ತದೆ. ನೆಲ ಹೆಪ್ಪುಗಟ್ಟಿ ಮತ್ತೆ ಕರಗುವಾಗ ಗಿಡ ಬೇರುಸಹಿತ ಮೇಲಕ್ಕೆ ತಳ್ಳಲ್ಪಡುವುದೂ ಉಂಟು. ವಸಂತದಲ್ಲಿ ಹುಲ್ಲಿನಡಿ ಹೊಸ ಎಲೆ ಕಂಡೊಡನೆ ಹೊದಿಕೆಯನ್ನು ಸಾಲುಗಳ ನಡುವಿಗೆ ಸರಿಸುತ್ತಾರೆ. ಹಣ್ಣು ಮುಗಿದ ಕೂಡಲೇ ಮೋಟು ಕಾಂಡಕ್ಕೆ ಏಟಾಗದಂತೆ ಹಳೆಯ ಎಲೆಯನ್ನು ಸವರಿ, ಸಾಲನ್ನು ಕಿರಿದುಗೊಳಿಸಿ, ಗೊಬ್ಬರ ನೀರು ಕೊಡುತ್ತಾರೆ. ಹೀಗೆ ಒಂದೇ ಮಡಿ ಮೂರು ನಾಲ್ಕು ವರ್ಷ ಫಲ ಕೊಡುತ್ತದೆ.

ಇಲ್ಲಿ ಶತ್ರು ಬೇರೆ

ಪುಸ್ತಕದ ಈ ಪಾಠವನ್ನು ಮಲೆನಾಡಿನ ರೈತ ಹಾಗೆಯೇ ಅನುಸರಿಸಿದರೆ ಕೈ ಸುಟ್ಟುಕೊಳ್ಳುತ್ತಾನೆ. ಮಲೆನಾಡಿನ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರು ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಆದುದರಿಂದ ಇಲ್ಲಿ ಹೂ ಬಿಡುವ ಕಾಲವನ್ನು ಹಗಲಿನ ಉದ್ದಕ್ಕಿಂತ ಹೆಚ್ಚಾಗಿ ರಾತ್ರಿಯ ತಂಪು ನಿರ್ಣಯಿಸುತ್ತದೆ. ಎತ್ತರದ ಊರುಗಳಲ್ಲಿ ಚಿತ್ತೆ ಮಳೆ ಕಳೆದು ಇಬ್ಬನಿ ಬೀಳಲು ತೊಡಗಿದಾಗ ಗಿಡ ಹೂ ಬಿಡುತ್ತದೆ. ಚಳಿಗಾಲ ಇಲ್ಲಿ ನಿದ್ರೆಯ ಕಾಲವಲ್ಲ, ದುಡಿಮೆಯ ಕಾಲ. ಎತ್ತರ ಕಡಿಮೆಯಿದ್ದು ರಾತ್ರಿಯ ತಂಪು ಸಾಲದ ಊರುಗಳಲ್ಲಿ ಈ ಬೆಳೆ ಕೈಹಿಡಿಯುವುದು ಕಷ್ಟ.

ಗಿಡಕ್ಕೆ ಇಲ್ಲಿ ಸಾವಿನ ಕಾಲವೆಂದರೆ ಮಳೆಗಾಲ. ಬೆಚ್ಚನೆಯ ತೇವದಲ್ಲಿ ಮೋಟು ಕಾಂಡ ಕೊಳೆಯುತ್ತದೆ. ಬಾಡಿದ ಗಿಡವನ್ನು ಕಿತ್ತು ಬುಡವನ್ನು ಸೀಳಿ ನೋಡಿದರೆ ಒಳಗೆ ಕೆಂಗಂದು ಬಣ್ಣ ಕಾಣುತ್ತದೆ. ಇದಕ್ಕೆ ಕಾರಣವಾಗುವ ಶಿಲೀಂಧ್ರಸಮಾನ ಜೀವಿಗಳಲ್ಲಿ ಒಂದು ಫೈಟಾಫ್ತೊರಾ. ಅಡಿಕೆಗೆ ಕೊಳೆರೋಗವನ್ನೂ ಕಾಳುಮೆಣಸಿಗೆ ಸೊರಗು ರೋಗವನ್ನೂ ತರುವ ಜೀವಿಗಳು ಇದರ ದಾಯಾದಿಗಳೇ. ಕೊಳೆರೋಗದೊಡನೆ ತಲೆತಲಾಂತರದಿಂದ ಸೆಣಸುತ್ತ ಬಂದ ಜನರಿಗೆ ಈ ಶತ್ರುವಿನ ಸ್ವಭಾವ ಹೊಸತಲ್ಲ. ನೀರು ನಿಂತಲ್ಲಿ ಅದು ಹುಟ್ಟುತ್ತದೆ, ಸಿಡಿಯುವ ಹನಿಯೊಡನೆ ಹಬ್ಬುತ್ತದೆ. ಬೋರ್ಡೋ ದ್ರಾವಣ ಹೊರಗಿನ ಎಲೆಯನ್ನು ಕಾಯಬಹುದು, ಒಳಗೆ ಕೊಳೆತ ಕಾಂಡವನ್ನು ಬದುಕಿಸಲಾರದು.

ಹೀಗಾಗಿ ಹಿಮದ ನಾಡಿನಲ್ಲಿ ಹುಲ್ಲಿನ ಹೊದಿಕೆ ಮಾಡುವ ಕೆಲಸವನ್ನು ಮಲೆನಾಡಿನಲ್ಲಿ ಸೂರು ಮಾಡಬೇಕು. ಅಲ್ಲಿ ಕಾಯಬೇಕಾದುದು ಚಳಿಯಿಂದ, ಇಲ್ಲಿ ಕಾಯಬೇಕಾದುದು ಮಳೆಯಿಂದ.

ಮಹಾಬಲೇಶ್ವರದ ಪಾಠ

ಸಹ್ಯಾದ್ರಿಯಲ್ಲಿ ಈ ಬೆಳೆಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯುವ ನಾಡು ಮಹಾರಾಷ್ಟ್ರದ ಮಹಾಬಲೇಶ್ವರ ಮತ್ತು ಪಂಚಗಣಿ. ಅಲ್ಲಿನ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಷ್ಟು ಮಳೆಯಲ್ಲಿ ಬಯಲಿನ ಗಿಡ ಉಳಿಯದು. ಆದುದರಿಂದ ಅಲ್ಲಿ ಹೊರದೇಶದಿಂದ, ಮುಖ್ಯವಾಗಿ ಕ್ಯಾಲಿಫೋರ್ನಿಯಾದಿಂದ, ತಾಯಿಗಿಡಗಳನ್ನು ತರಿಸುತ್ತಾರೆ. ಘಟ್ಟದ ಮಗ್ಗುಲಲ್ಲಿ ಮಳೆ ಕಡಿಮೆ ಬೀಳುವ ವಾಯಿ ಸುತ್ತಿನ ನರ್ಸರಿಗಳಲ್ಲಿ ಅವುಗಳಿಂದ ಹಬ್ಬುಬಳ್ಳಿ ಬೆಳೆಸಿ, ಮಳೆ ಇಳಿಮುಖವಾದಾಗ ಮರಿಗಳನ್ನು ಮೇಲಿನ ಊರುಗಳಿಗೆ ಸಾಗಿಸಿ ನೆಡುತ್ತಾರೆ. ಹಣ್ಣಿನ ಕಾಲ ಮುಗಿದ ಮೇಲೆ ಗಿಡವನ್ನು ತೆಗೆದುಹಾಕುತ್ತಾರೆ.

ಈ ವ್ಯವಸ್ಥೆಗೆ ಅದರದೇ ಆದ ಬುದ್ಧಿವಂತಿಕೆಯಿದೆ, ಅದನ್ನು ಹಳಿಯುವುದು ಸರಿಯಲ್ಲ. ಮಳೆಯ ನಾಡು ಮಳೆಯಿಲ್ಲದ ನಾಡಿನಲ್ಲಿ ತನ್ನ ಸಸಿಯನ್ನು ಕಾಪಿಡುವುದು ಜಾಣತನವೇ. ಆದರೆ ಅದಕ್ಕೊಂದು ಬೆಲೆಯೂ ಇದೆ. ದೂರದ ದೇಶದಲ್ಲಿ ಹಡಗೋ ವಿಮಾನವೋ ತಡವಾದರೆ, ಬೆಲೆ ಏರಿದರೆ, ತಳಿಯ ಒಡೆತನದ ಕರಾರು ಬದಲಾದರೆ, ಬೆಟ್ಟದ ರೈತನ ಮುಂದಿನ ವರ್ಷವೇ ಅಲುಗುತ್ತದೆ.

ದೂರದ ನೆಲ ತೆತ್ತ ಬೆಲೆಯೂ ಸಣ್ಣದಲ್ಲ. ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲಗಳ ಮಣ್ಣನ್ನು ದಶಕಗಳ ಕಾಲ ಮೀಥೈಲ್ ಬ್ರೋಮೈಡ್ ಎಂಬ ಅನಿಲದಿಂದ ಶುದ್ಧಿ ಮಾಡುತ್ತಿದ್ದರು. ಅದು ಓಜೋನ್ ಪದರವನ್ನು ಕರಗಿಸುವ ಅನಿಲ. ಮಾಂಟ್ರಿಯಲ್ ಒಪ್ಪಂದದಂತೆ ಮುಂದುವರಿದ ದೇಶಗಳು 2005ರೊಳಗೆ ಅದನ್ನು ನಿಲ್ಲಿಸಬೇಕಾಗಿತ್ತು. ಆದರೆ ಅಲ್ಲಿನ ಸ್ಟ್ರಾಬೆರಿಗೆ ವಿನಾಯಿತಿಯ ಮೇಲೆ ವಿನಾಯಿತಿ ದೊರೆತು, ಹಣ್ಣಿನ ಹೊಲಗಳಲ್ಲಿ ಅದರ ಬಳಕೆ 2016ರವರೆಗೂ ಎಳೆಯಿತು.

ಕನ್ನಡಿಗರು ಮಹಾಬಲೇಶ್ವರದ ಕಡೆ ನೋಡಲು ಇನ್ನೊಂದು ಕಾರಣವಿದೆ. ಕೃಷ್ಣೆ ಹುಟ್ಟುವುದು ಅಲ್ಲಿಯೇ. ವಾಯಿಯ ಮಗ್ಗುಲಲ್ಲಿ ಹರಿದು, ಸಾತಾರಾ, ಸಾಂಗ್ಲಿಗಳನ್ನು ದಾಟಿ, ಅದೇ ನೀರು ಬೆಳಗಾವಿ ಜಿಲ್ಲೆಯನ್ನು ಪ್ರವೇಶಿಸಿ ಆಲಮಟ್ಟಿಯಲ್ಲಿ ನಿಲ್ಲುತ್ತದೆ. ಮಹಾಬಲೇಶ್ವರ ಪಂಚಗಣಿ ಪ್ರದೇಶವನ್ನು ಕೇಂದ್ರ ಸರ್ಕಾರ 2001ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಬೆಟ್ಟದ ನೆತ್ತಿಯ ಮೇಲಿನ ಬೇಸಾಯ ಎಂದಿಗೂ ಆ ಬೆಟ್ಟದ ಖಾಸಗಿ ವಿಷಯವಲ್ಲ. ಶರಾವತಿ, ತುಂಗಾ, ಕಾವೇರಿಗಳ ತಲೆಯ ಮೇಲೆ ಕುಳಿತವರಿಗೂ ಇದೇ ಮಾತು ಸಲ್ಲುತ್ತದೆ.

ಚಳಿಗಾಲದಲ್ಲಿಯೇ ಆರಂಭವಾಗುವ ಮುಂದಿನ ವರ್ಷ

ಮಲೆನಾಡಿನ ಎತ್ತರದ ಊರೊಂದರಲ್ಲಿ ಮನೆಯ ಮಗ್ಗುಲಿಗೆ ಒಂದು ಗುಂಟೆಯಲ್ಲಿ ಸ್ಟ್ರಾಬೆರಿ ಬೆಳೆಯುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಎಕರೆಗೆ 22,000 ಗಿಡಗಳ ಲೆಕ್ಕದಲ್ಲಿ ಗುಂಟೆಗೆ 550 ಗಿಡ ಬೇಕು. ಒಂದು ತಾಯಿಗಿಡದಿಂದ 15 ಸದೃಢ ಮರಿಗಳು ದೊರೆತವೆಂದು ಹಿಡಿದರೆ 40 ತಾಯಿಗಿಡಗಳಿಂದ 600 ಮರಿಗಳಾಗುತ್ತವೆ. ಮಳೆಯಲ್ಲಿ ಸಾಯುವವನ್ನು ಲೆಕ್ಕಿಸಿ 60 ತಾಯಿಗಿಡಗಳನ್ನು ಉಳಿಸಿಕೊಂಡರೆ ಆ ಮನೆ ಮರುವರ್ಷ ಸಸಿಗಾಗಿ ಕೈಚಾಚಬೇಕಾಗಿಲ್ಲ. ಇದು ಒಂದು ಜಗುಲಿಯಷ್ಟು ಸೂರಿನಡಿ ಮುಗಿಯುವ ಕೆಲಸ.

ಈ ಕೆಲಸ ಆರಂಭವಾಗುವುದು ಮಾರ್ಗಶಿರ, ಪುಷ್ಯ ಮಾಸಗಳ ಇಬ್ಬನಿಯಲ್ಲಿ. ಬೆಳಗಿನ ಇಬ್ಬನಿ ಹಣ್ಣಿನ ಮೇಲೆ ಬಹಳ ಹೊತ್ತು ನಿಂತರೆ ಬೂದು ಬಣ್ಣದ ಬೂಷ್ಟು ಹಿಡಿಯುತ್ತದೆ. ಕೊಳೆತ ಹಣ್ಣನ್ನೂ ಒಣಗಿದ ಎಲೆಯನ್ನೂ ದಿನವೂ ಆಯ್ದು ಮಡಿಯಿಂದ ದೂರ ಒಯ್ದು ಹೂಳಬೇಕು. ಸಂಜೆ ತಲೆಯ ಮೇಲಿನಿಂದ ನೀರು ಚಿಮುಕಿಸಬಾರದು. ಬೇರಿನ ಬಹುಪಾಲು ಮೇಲಿನ ಒಂದು ಗೇಣು ಮಣ್ಣಿನಲ್ಲಿಯೇ ಇರುವುದರಿಂದ ನೀರು ಸ್ವಲ್ಪವಾಗಿ, ಆದರೆ ತಪ್ಪದೆ ಬುಡಕ್ಕೆ ಸೇರಬೇಕು. ಹಣ್ಣು ಮಣ್ಣು ಮುಟ್ಟದಂತೆ ಒಣ ಹುಲ್ಲನ್ನಾಗಲಿ ಕತ್ತರಿಸಿದ ಅಡಿಕೆ ಸೋಗೆಯನ್ನಾಗಲಿ ಹಾಸಬೇಕು. ಕಪ್ಪು ಪ್ಲಾಸ್ಟಿಕ್ ಹಾಳೆ ಕಳೆಯನ್ನು ತಡೆಯುವುದು ನಿಜ, ಆದರೆ ಹರಿದ ಚೂರುಗಳು ಮಣ್ಣಿನಲ್ಲಿಯೇ ಉಳಿದು ಮಳೆಯೊಡನೆ ಹಳ್ಳ ಸೇರುತ್ತವೆ. ಹಾಗೆಂದು ತರಗೆಲೆಗಾಗಿ ಕಾಡಿನ ನೆಲವನ್ನು ಬೋಳು ಮಾಡುವುದೂ ಸಲ್ಲದು. ಸ್ವಂತ ಗದ್ದೆ ತೋಟಗಳ ಹುಲ್ಲು ಸೋಗೆಗಳೇ ಒಂದು ಗುಂಟೆಗೆ ಸಾಕು.

ಒಂದು ಹಣ್ಣಿನ ಮೈಮೇಲೆ ಕಾಣುವ ಪ್ರತಿಯೊಂದು ಕಾಳಿಗೂ ಪರಾಗ ಸೇರಬೇಕು. ಸೇರದಿದ್ದ ಕಡೆ ಹಣ್ಣು ಉಬ್ಬದೆ ಸೊಟ್ಟಗಾಗುತ್ತದೆ. ತುಡುವೆ ಜೇನಿನ ಒಂದು ಪೆಟ್ಟಿಗೆ, ಗೋಡೆಯ ಸಂದಿಯ ಮಿಸ್ರಿ ಜೇನಿನ ಒಂದು ಗೂಡು ಇಲ್ಲಿ ದುಡಿಯುತ್ತವೆ. ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸುವವನು ತನ್ನ ಕೂಲಿಯವರನ್ನು ತಾನೇ ಕೊಂದಂತೆ.

ಹಣ್ಣು ಕೊಯ್ಯುವಾಗಲೇ ತಾಯಿಗಿಡದ ಆಯ್ಕೆಯೂ ನಡೆಯಬೇಕು. ಹಣ್ಣು ಚೆನ್ನಾಗಿದ್ದು, ಎಲೆ ಸುಕ್ಕಾಗದೆ, ಅಂಚು ಹಳದಿಯಾಗದೆ, ಸುತ್ತಲಿನ ಗಿಡಗಳೂ ಆರೋಗ್ಯವಾಗಿರುವ ಕಡೆಯ ಗಿಡಗಳಿಗೆ ಒಂದೊಂದು ಕಡ್ಡಿ ನೆಟ್ಟು ಗುರುತು ಮಾಡಬೇಕು. ಸಾಮಾನ್ಯವಾಗಿ ಈ ಕಣ್ಣು ಮನೆಯ ಹೆಂಗಸರಿಗೆ ಚೆನ್ನಾಗಿರುತ್ತದೆ. ಸೌತೆ, ಬದನೆಗಳ ಬೀಜದ ಕಾಯನ್ನು ಬಳ್ಳಿಯಲ್ಲಿಯೇ ಬಿಡುವವರು ಅವರೇ ಅಲ್ಲವೇ?

ಬೇಸಿಗೆ ಬಲಿಯುವ ಮೊದಲೇ, ತಂಪು ಹೊತ್ತಿನಲ್ಲಿ, ಗುರುತು ಮಾಡಿದ ಗಿಡಗಳನ್ನು ಮಣ್ಣಿನ ಹೆಂಟೆಯೊಡನೆ ಎತ್ತಿ ಬೇರೆ ಏರುಮಡಿಯಲ್ಲಿ ಎರಡು ಮೂರು ಅಡಿಗೊಂದರಂತೆ ನೆಡಬೇಕು. ಅಂದಿನಿಂದ ಅವುಗಳ ಹೂವನ್ನೆಲ್ಲ ಚಿವುಟಬೇಕು. ಹಣ್ಣಿನ ಆಸೆ ಬಿಡದ ಗಿಡಕ್ಕೆ ಹಬ್ಬುಬಳ್ಳಿ ಬಿಡುವ ಬಲ ಉಳಿಯದು. ಬಿಸಿಲು ಏರಿದಂತೆ ಬಳ್ಳಿಗಳು ಹೊರಡುತ್ತವೆ. ಮರಿ ಮೂಡಿದ ಗೆಣ್ಣನ್ನು ತೂತು ಮಾಡಿದ ತೆಂಗಿನ ಚಿಪ್ಪಿಗೋ ಅಡಿಕೆ ಹಾಳೆಯ ದೊಪ್ಪೆಗೋ ತಾಗಿಸಿ, ಬಾಗಿಸಿದ ಕಡ್ಡಿಯಿಂದ ಒತ್ತಿ ನಿಲ್ಲಿಸಬೇಕು. ಚಿಪ್ಪಿನಲ್ಲಿ ಮರಳು, ಮಣ್ಣು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಸಮವಾಗಿರಲಿ. ಆರು ವಾರಗಳಲ್ಲಿ ಮರಿಗೆ ಸ್ವಂತ ಬೇರು ಬಲಿಯುತ್ತದೆ.

ಮಿರ್ಗೆ ಮಳೆ ಹಿಡಿಯುವ ಮೊದಲು ಬಳ್ಳಿ ಕತ್ತರಿಸಿ ಚಿಪ್ಪುಗಳನ್ನು ಸೂರಿನಡಿಗೆ ಒಯ್ಯಬೇಕು. ಅಡಿಕೆ ಒಣಗಿಸಲು ಕಟ್ಟಿದ ಪಾರದರ್ಶಕ ಮಾಡಿನ ಮನೆಗಳು ಹಲವೆಡೆ ಮಳೆಗಾಲದಲ್ಲಿ ಬರಿದಾಗಿರುತ್ತವೆ. ಅವೇ ಈ ಮರಿಗಳಿಗೆ ಒಳ್ಳೆಯ ಬಿಡಾರ. ಆದರೆ ನಾಲ್ಕೂ ಕಡೆ ಗಾಳಿಯಾಡಬೇಕು, ಚಿಪ್ಪುಗಳು ನೆಲದಿಂದ ಎರಡು ಅಡಿ ಎತ್ತರದ ದೆಬ್ಬೆಯ ಅಟ್ಟದ ಮೇಲಿರಬೇಕು. ನೆಲದ ಕೆಸರು ಒಂದು ಹನಿಯೂ ಸಿಡಿಯಬಾರದು. ಆರಿದ್ರಾದಿಂದ ಮಘೆಯವರೆಗೆ ಗಾಳಿಯಲ್ಲಿಯೇ ತೇವವಿರುವುದರಿಂದ, ಮಣ್ಣು ಮುಟ್ಟಿ ನೋಡಿ ಒಣಗಿದ್ದರೆ ಮಾತ್ರ ನೀರು. ಬಾಡಿದ ಗಿಡ ಕಂಡರೆ ಬುಡ ಸೀಳಿ ಪರೀಕ್ಷಿಸಿ, ಕೆಂಗಂದು ಕಂಡರೆ ಚಿಪ್ಪಿನ ಮಣ್ಣಿನ ಸಮೇತ ಹೊರಗೆ ಹಾಕಬೇಕು. ಆ ಕತ್ತಿಯನ್ನು ತೊಳೆಯದೆ ಇನ್ನೊಂದು ಗಿಡ ಮುಟ್ಟಬಾರದು. ಇದರಲ್ಲಿ ದಾಕ್ಷಿಣ್ಯ ತೋರಿದರೆ ಇಡೀ ಅಟ್ಟವೇ ಹೋಗುತ್ತದೆ.

ಉತ್ತರೆ ಮಳೆ ಕಳೆದು ಹಸ್ತದಲ್ಲಿ ಬಿಸಿಲು ಬಿದ್ದಾಗ ಹೊಸ ಮಡಿ ಸಿದ್ಧವಾಗಲಿ. ಹಿಂದಿನ ವರ್ಷ ಸ್ಟ್ರಾಬೆರಿ, ಬದನೆ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಬೆಳೆದ ಜಾಗ ಬೇಡ. ಇವುಗಳ ಬೇರಿನ ರೋಗಗಳು ಹಂಚಿಕೊಂಡು ಬಾಳುವಂಥವು. ಏರುಮಡಿಯ ಎರಡೂ ಬದಿಗೆ ಬಸಿಗಾಲುವೆ ಇರಲಿ. ಅಡಿಗೊಂದು ಗಿಡದಂತೆ ನೆಡುವಾಗ ಮೋಟು ಕಾಂಡ ಮಣ್ಣಿನ ಮಟ್ಟಕ್ಕೆ ಸರಿಯಾಗಿರಬೇಕು. ಹೂತರೆ ಕೊಳೆಯುತ್ತದೆ, ಮೇಲೆದ್ದರೆ ಒಣಗುತ್ತದೆ. ಒಂದು ವರ್ಷದ ಶ್ರಮವೆಲ್ಲ ಈ ಅರ್ಧ ಬೆರಳಿನ ಅಳತೆಯಲ್ಲಿ ನಿಂತಿದೆ.

ಎಚ್ಚರಿಕೆಯ ಮಾತು

ಉಳಿಸಿಕೊಂಡ ಸಸಿ ಸದಾ ಶ್ರೇಷ್ಠವೆಂಬ ಭ್ರಮೆ ಬೇಡ. ಹಬ್ಬುಬಳ್ಳಿ ತಾಯಿಯ ಗುಣವನ್ನು ದಾಟಿಸುವಂತೆ ತಾಯಿಯ ರೋಗವನ್ನೂ ದಾಟಿಸುತ್ತದೆ. ಗಿಡಹೇನುಗಳು ಹರಡುವ ನಂಜುರೋಗಗಳು ಹಲವು ಬಾರಿ ಕಣ್ಣಿಗೆ ಕಾಣುವುದೇ ಇಲ್ಲ. ಇಳುವರಿ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಗಿಡದ ತುದಿಯ ಸೂಕ್ಷ್ಮ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನಂಜಿಲ್ಲದ ಗಿಡ ಪಡೆಯುವ ವಿದ್ಯೆ ಇದೆ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಊರಿನವರೆಲ್ಲ ಸೇರಿ ಸ್ವಲ್ಪವೇ ಶುದ್ಧ ತಾಯಿಗಿಡಗಳನ್ನು ತರಿಸಿ, ಒಂದು ಊರಿಗೆ ಒಂದು ತಾಯಿಮಡಿ ಎಂಬಂತೆ ಬೆಳೆಸಿ ಹಂಚಿಕೊಳ್ಳುವುದು ವಿವೇಕದ ದಾರಿ. ಪ್ರತಿಯೊಬ್ಬನೂ ಪ್ರತಿ ವರ್ಷವೂ ಕೊಳ್ಳುವುದಕ್ಕೂ, ಯಾರೂ ಎಂದೂ ಕೊಳ್ಳದೆ ರೋಗವನ್ನು ಸಾಕುವುದಕ್ಕೂ ನಡುವೆ ಇರುವ ದಾರಿ ಇದು.

ಹಂಚಿಕೊಳ್ಳುವ ಹಕ್ಕಿನ ವಿಷಯ ರೈತರಿಗೆ ತಿಳಿದಿರಬೇಕು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001, ನೋಂದಾಯಿತ ತಳಿಯ ಬೀಜವನ್ನೂ ಉಳಿಸಿಕೊಳ್ಳುವ, ಮರಳಿ ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಬ್ರಾಂಡಿನ ಹೆಸರು ಹಚ್ಚಿ ಮಾರುವಂತಿಲ್ಲ ಎಂಬುದಷ್ಟೇ ಅದರ ನಿರ್ಬಂಧ. ಬೀಜವೆಂದರೆ ಕಾಳು ಮಾತ್ರವಲ್ಲ, ತಳಿಯ ಗುಣ ಕೆಡದಂತೆ ಮರಳಿ ಗಿಡವಾಗಬಲ್ಲ ಸಸ್ಯಭಾಗವೂ ಬೀಜವೇ ಎಂದು ಆ ಕಾಯಿದೆಯ ವ್ಯಾಖ್ಯೆ ಹೇಳುತ್ತದೆ.

ಕೊನೆಯದಾಗಿ, ಸ್ಟ್ರಾಬೆರಿ ಮಲೆನಾಡಿನ ಉದ್ಧಾರದ ಮಂತ್ರವಲ್ಲ. ಇದಕ್ಕಾಗಿ ಬೆಟ್ಟ ಸವರುವುದು, ಹುಲ್ಲುಗಾವಲು ಅಗೆಯುವುದು, ಬೇಸಿಗೆಯ ಹಳ್ಳಕ್ಕೆ ಪಂಪು ಇಡುವುದು ಆತ್ಮಘಾತಕ. ಹಿತ್ತಿಲಿನ ಒಂದು ಗುಂಟೆಯ ಬೆಳೆಯಾಗಿ, ಅಡಿಕೆ ಕಾಫಿಗಳ ಮಗ್ಗುಲಿನ ಸಣ್ಣ ಆದಾಯವಾಗಿ ಮಾತ್ರ ಅದಕ್ಕೆ ಸ್ಥಾನವಿದೆ. ಆದರೆ ಆ ಒಂದು ಗುಂಟೆಯಲ್ಲಿ ಕಲಿಯಬೇಕಾದುದು ಬಹಳವಿದೆ. ಹಿಮದ ನಾಡಿನ ರೈತ ಹುಲ್ಲು ಹೊದಿಸಿ ತನ್ನ ಗಿಡವನ್ನು ಮುಂದಿನ ವರ್ಷಕ್ಕೆ ದಾಟಿಸುತ್ತಾನೆ. ಮಲೆನಾಡಿನ ಮನೆಯೊಂದು ಪುಷ್ಯ ಮಾಸದಲ್ಲಿ ಕಡ್ಡಿ ನೆಟ್ಟು ಗುರುತಿಸಿದ ಗಿಡ, ಆಷಾಢದ ಮಳೆಯನ್ನು ದೆಬ್ಬೆಯ ಅಟ್ಟದ ಮೇಲೆ ಕಳೆದು, ಹಸ್ತದ ಬಿಸಿಲಿಗೆ ಮತ್ತೆ ಮಣ್ಣು ಸೇರಿದರೆ, ಆ ಮನೆಯ ಮುಂದಿನ ಋತು ಆ ಮನೆಯ ಕೈಯಲ್ಲಿಯೇ ಉಳಿದಂತೆ.

ಈ ಚಳಿಗಾಲದಲ್ಲಿ ಹಣ್ಣು ಕೊಯ್ಯಲು ಹೋಗುವವರು ಬುಟ್ಟಿಯೊಡನೆ ಒಂದು ಹಿಡಿ ಕಡ್ಡಿಗಳನ್ನೂ ಒಯ್ಯಲಿ.